ಲಾರಿಯ ಡಿಜಿಟಲ್ ಮೀಟರ್ ನೋಡಿ ಡೀಸೆಲ್ ಉಳಿಸುವುದು ಹೇಗೆ?

ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಡೀಸೆಲ್ ಅಗ್ಗ. ಕಾಸರಗೋಡಿನ ಲಾರಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಂಗಳೂರಿಗೆ ಲೋಡು ಹೋದರೆ ಬರುವಾಗ ಟ್ಯಾಂಕ್ ತುಂಬಿಸಿಯೇ ಗಡಿ ದಾಟುತ್ತಾರೆ. ಮುಳ್ಳೇರಿಯದಿಂದ ಸುಳ್ಯದ ಕಡೆ ಹೋದವರೂ ಅಷ್ಟೆ, ಜಾಲ್ಸೂರಿನ ಆಚೆಗೇ ತುಂಬಿಸುತ್ತಾರೆ. ಲೀಟರಿಗೆ ಕೆಲವು ರೂಪಾಯಿ ಉಳಿಸಲು ಇಷ್ಟು ಲೆಕ್ಕ ಹಾಕುವ ನಾವು, ಅದೇ ಡೀಸೆಲ್ ಇಂಜಿನ್ನಿಗೆ ಹೋದ ಮೇಲೆ ಏನಾಯಿತು ಅಂತ ನೋಡುವುದು ಕಡಿಮೆ. ತಿಂಗಳ ಕೊನೆಗೆ 'ಈ ಸಲ ಆವರೇಜ್ ಬರಲಿಲ್ಲ' ಎನ್ನುತ್ತೇವೆ. ಯಾಕೆ ಬರಲಿಲ್ಲ? ಲೋಡಿಗೋ, ಮಳೆಗೋ, ಟೈರಿಗೋ, ಡ್ರೈವರನಿಗೋ? ಗೊತ್ತಿಲ್ಲ.

ಗೊತ್ತು ಮಾಡಿಕೊಳ್ಳುವ ದಾರಿ ಈಗ ಸುಲಭವಾಗಿದೆ. ಇಂಜಿನ್ನಿನ ಲೆಕ್ಕ ತೋರಿಸುವ ಡಿಜಿಟಲ್ ಮೀಟರ್ ಹೊಸ ಲಾರಿಯಲ್ಲಿ ಕಂಪನಿಯಿಂದಲೇ ಬರುತ್ತದೆ. ಹಳೆಯದಕ್ಕೆ ಹೊರಗಿನಿಂದ ಹಾಕಿಸಬಹುದು. ಆದರೆ ಮೀಟರ್ ತಾನಾಗಿ ಒಂದು ತೊಟ್ಟು ಡೀಸೆಲನ್ನೂ ಉಳಿಸುವುದಿಲ್ಲ. ನಲವತ್ತು ಸಂಖ್ಯೆ ತೋರಿಸುವ ಮೀಟರ್ ಹಾಕಿಸಿ, ವಾರ ಕಳೆದ ಮೇಲೆ ಅದರತ್ತ ತಿರುಗಿಯೂ ನೋಡದವರೇ ಜಾಸ್ತಿ. ದಿನವೂ ನೋಡಬೇಕಾದ್ದು ನಾಲ್ಕೇ ಸಂಖ್ಯೆ: ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು), ಇಂಜಿನ್ ನೀರಿನ ಬಿಸಿ, ಟರ್ಬೊ ಬೂಸ್ಟ್ (ಟರ್ಬೊ ಇಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ), ಗಂಟೆಗೆ ಎಷ್ಟು ಲೀಟರ್. ಅದನ್ನೂ ಒಂದೇ ದಾರಿ, ಒಂದೇ ತೂಕಕ್ಕೆ ಹೋಲಿಸಿ ನೋಡಬೇಕು.

ಮೊದಲು, ನಿಮ್ಮ ಗಾಡಿ ಯಾವ ಕಾಲದ್ದು?

ಯಾವ ಮೀಟರ್ ಬೇಕು ಎನ್ನುವುದು ಇದರ ಮೇಲೆ ನಿಂತಿದೆ. ದೇಶದಲ್ಲೆಲ್ಲ ಹೊಗೆ ಮಾಲಿನ್ಯದ ಬಿಎಸ್-4 ನಿಯಮ ಬಂದದ್ದು 2017ರ ಏಪ್ರಿಲ್ 1ಕ್ಕೆ, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ಕ್ಕೆ. ಆರ್‌ಸಿಯಲ್ಲಿ ಬರೆದಿರುತ್ತದೆ, ತೆಗೆದು ನೋಡಿ.

ಬಿಎಸ್-6 ಲಾರಿ ಇದ್ದವರು ಹೊಸ ಮೀಟರ್ ಕೊಳ್ಳುವ ಮೊದಲು ಡ್ಯಾಶ್‌ಬೋರ್ಡಿನ ಗುಂಡಿ ಒತ್ತಿ ನೋಡಿ. ಟ್ರಿಪ್, ಆವರೇಜ್, ಇಂಜಿನ್ ಗಂಟೆ ಎಲ್ಲ ಅಲ್ಲೇ ಇರುತ್ತದೆ. ಕಂಪನಿಯ ಆ್ಯಪ್ ಕೂಡ ಸಿಗುತ್ತದೆ. ಟಾಟಾದವರದ್ದು ಫ್ಲೀಟ್ ಎಡ್ಜ್, ಅಶೋಕ್ ಲೇಲ್ಯಾಂಡಿನದ್ದು ಐ-ಅಲರ್ಟ್, ಐಷರಿನದ್ದು ಮೈ ಐಷರ್. ಗಾಡಿ ತೆಗೆದುಕೊಂಡಾಗ ಶೋರೂಮಿನಲ್ಲಿ ಹಾಕಿಕೊಟ್ಟ ಆ್ಯಪ್ ಫೋನಿನಲ್ಲಿ ಸುಮ್ನೆ ಬಿದ್ದಿರುತ್ತದೆ, ಅಲ್ವಾ? ಅದನ್ನು ತೆರೆಯಿರಿ. ಪಾಸ್‌ವರ್ಡ್ ಮರೆತಿದ್ದರೆ ಸರ್ವಿಸ್‌ಗೆ ಹೋದಾಗ ಕೇಳಿ ಹೊಸದು ಮಾಡಿಸಿಕೊಳ್ಳಿ.

ಬಿಎಸ್-4 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇಸಿಯು, ಅಂದರೆ ಇಂಜಿನ್ನನ್ನು ನಡೆಸುವ ಕಂಪ್ಯೂಟರ್, ಇದೆ. ಲೆಕ್ಕವೆಲ್ಲ ಒಳಗೆ ಇದೆ, ತೋರಿಸುವ ಪರದೆ ಇಲ್ಲ, ಅಷ್ಟೆ. ಇವಕ್ಕೆ ಓಬಿಡಿ ಸಾಕೆಟ್ಟಿಗೆ, ಅಂದರೆ ಇಸಿಯುವಿನ ಲೆಕ್ಕ ಓದಲು ಇರುವ ಸಾಕೆಟ್ಟಿಗೆ, ಸಿಕ್ಕಿಸುವ ಮೀಟರ್ ಸಾಕು.

ಅದಕ್ಕೂ ಹಳೆಯ, ಮೆಕ್ಯಾನಿಕಲ್ ಪಂಪಿನ ಗಾಡಿಗಳ ವಿಷಯ ಬೇರೆ. ಕೇಳಿದರೆ ಹೇಳುವ ಇಸಿಯು ಅಲ್ಲಿ ಇಲ್ಲ. ಡೀಸೆಲ್ ಅಳೆಯಲು ಫ್ಲೋ ಮೀಟರ್ ಹಾಕಬಹುದು. ಆದರೆ ಪಂಪಿಗೆ ಹೋದ ಡೀಸೆಲಿನಲ್ಲಿ ಒಂದು ಪಾಲು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಬರುತ್ತದೆ. ಹೋದದ್ದನ್ನೂ ಬಂದದ್ದನ್ನೂ ಅಳೆದು ಕಳೆಯಬೇಕು. ಖರ್ಚು ಜಾಸ್ತಿ. ಹಳೆ ಗಾಡಿಗೆ ನನ್ನ ಸಲಹೆ ಬೇರೆ: ಒಂದು ನೀರಿನ ಬಿಸಿಯ ಡಿಜಿಟಲ್ ಮೀಟರ್, ಒಂದು ಬೂಸ್ಟ್ ಮೀಟರ್, ಸಾಧ್ಯವಾದರೆ ಒಂದು ಹೊಗೆ ಬಿಸಿಯ ಮೀಟರ್. ಲೀಟರಿನ ಲೆಕ್ಕವನ್ನು ಬಂಕಿನ ಬಿಲ್ಲಿನಲ್ಲೇ ಇಡಿ.

ಹೊಗೆ ಬಿಸಿಯ ಮೀಟರಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತೂತು ಕೊರೆಯಬೇಕಾಗುತ್ತದೆ. ಮ್ಯಾನಿಫೋಲ್ಡ್ ಬಿಚ್ಚಿ ಹೊರಗೆ ತೆಗೆದೇ ಕೊರೆಸಿ. ಗಾಡಿಯಲ್ಲೇ ಇಟ್ಟು ಕೊರೆದರೆ ಕಬ್ಬಿಣದ ಪುಡಿ ನೇರ ಟರ್ಬೊಗೆ ಹೋಗುತ್ತದೆ. ಮತ್ತೆ ಡೀಸೆಲ್ ಉಳಿಸಿದ ದುಡ್ಡೆಲ್ಲ ಟರ್ಬೊಗೆ.

ಮೀಟರ್ ಕೊಳ್ಳುವಾಗ

ಲಾರಿಯದ್ದು 24 ವೋಲ್ಟ್. ಕಾರಿಗೆಂದು ಮಾರುವ ಅಗ್ಗದ ಬ್ಲೂಟೂತ್ ಪ್ಲಗ್ಗುಗಳು 12 ವೋಲ್ಟಿಗೆ ಮಾಡಿದವು. ಸಿಕ್ಕಿಸಿದರೆ ಸುಟ್ಟು ಹೋಗಬಹುದು. ಸಾಕೆಟ್ ನೋಡಲು ಕಾರಿನದ್ದರಂತೆಯೇ ಹದಿನಾರು ಪಿನ್ನಿನದ್ದು ಇರುತ್ತದೆ ಎಂದು ಮೋಸ ಹೋಗಬೇಡಿ. ಎರಡು ಸಾಲು ಪಿನ್ನುಗಳ ನಡುವಿನ ಉದ್ದ ಸೀಳು 24 ವೋಲ್ಟಿನ ಸಾಕೆಟ್ಟಿನಲ್ಲಿ ನಡುವೆ ತುಂಡಾಗಿರುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಒಂಬತ್ತು ಪಿನ್ನಿನ ಗುಂಡನೆಯ ಸಾಕೆಟ್ ಇರುತ್ತದೆ.

ಎರಡನೆಯದು ಭಾಷೆ. ದೊಡ್ಡ ಡೀಸೆಲ್ ಇಂಜಿನ್ನುಗಳು ಮಾತಾಡುವುದು ಹೆಚ್ಚಾಗಿ ಜೆ1939 ಎಂಬ ಪದ್ಧತಿಯಲ್ಲಿ. ಡಬ್ಬದ ಮೇಲೆ 24 ವೋಲ್ಟ್, ಜೆ1939 ಎರಡೂ ಬರೆದಿದ್ದರೆ ಮಾತ್ರ ಮುಂದೆ ಹೋಗಿ. ಅಂಗಡಿಯವರು ಒಪ್ಪಿದರೆ ನಿಮ್ಮ ಗಾಡಿಗೆ ಸಿಕ್ಕಿಸಿ, ನಾಲ್ಕೂ ಸಂಖ್ಯೆ ಬರುತ್ತದೆಯೋ ನೋಡಿಯೇ ದುಡ್ಡು ಕೊಡಿ.

ಮೀಟರ್ ಓದುವಂತಿರಬೇಕು, ಇಸಿಯುಗೆ ಏನನ್ನೂ ಬರೆಯುವಂತಿರಬಾರದು. 'ಪಿಕಪ್ಪೂ ಜಾಸ್ತಿ, ಮೈಲೇಜೂ ಜಾಸ್ತಿ' ಎಂದು ಹೇಳಿ ಇಸಿಯು ಪ್ರೋಗ್ರಾಮ್ ಬದಲಿಸಲು ಬರುವವರನ್ನು ದೂರ ಇಡಿ. ವಾರಂಟಿ ಹೋಗುತ್ತದೆ, ಇಂಜಿನ್ನೂ ಹೋಗಬಹುದು. ಸಾಕೆಟ್ಟಿಗೆ ಸಿಕ್ಕಿಸಿದರೆ ತಾನಾಗಿ ಮೈಲೇಜ್ ಏರಿಸುವ ಪುಟ್ಟ ಪ್ಲಗ್ಗುಗಳೂ ಮಾರಾಟಕ್ಕಿವೆ. ಬಿಚ್ಚಿದರೆ ಒಳಗೆ ಮಿನುಗುವ ಎಲ್‌ಇಡಿ ಬಿಟ್ಟು ಹೆಚ್ಚೇನೂ ಇರುವುದಿಲ್ಲ ಮಾರಾಯ್ರೆ.

ಕೂರಿಸುವಾಗ ವಯರ್ ಪೆಡಲಿನ ಹತ್ತಿರ ಬರದಂತೆ ಕಟ್ಟಿಸಿ. ಪರದೆ ರಸ್ತೆಗೆ ಅಡ್ಡ ಆಗಬಾರದು, ಸ್ಟೀರಿಂಗಿನ ಮೇಲಿಂದ ಕಣ್ಣು ಹಾಯಿಸಿದರೆ ಕಾಣುವಂತಿರಬೇಕು. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಪ್ಲಗ್ ತೆಗೆದಿಡಿ. ಓಬಿಡಿ ಸಾಕೆಟ್ಟಿಗೆ ಕೀ ತೆಗೆದರೂ ಬ್ಯಾಟರಿಯ ಕರೆಂಟ್ ಬರುತ್ತಲೇ ಇರುತ್ತದೆ.

ಮೀಟರ್ ಹೇಳಿದ್ದು ಸರಿಯೇ? ಬಂಕಿನಲ್ಲಿ ಪರೀಕ್ಷೆ

ಇಸಿಯು ಡೀಸೆಲನ್ನು ಅಳೆಯುವುದಿಲ್ಲ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು, ಒತ್ತಡ ಎಷ್ಟಿತ್ತು ಎಂದು ನೋಡಿ ಅಂದಾಜು ಕಟ್ಟುತ್ತದೆ. ಇಂಜೆಕ್ಟರ್ ಸವೆದರೆ ಅಂದಾಜೂ ತಪ್ಪುತ್ತದೆ. ಹಾಗಾಗಿ ಮೊದಲ ಕೆಲಸ ಮೀಟರನ್ನು ಬಂಕಿನ ಬಿಲ್ಲಿಗೆ ತಾಳೆ ಹಾಕುವುದು.

ನೀವು ಯಾವಾಗಲೂ ಹಾಕಿಸುವ ಬಂಕಿನಲ್ಲಿ, ಅದೇ ಪಂಪಿನಲ್ಲಿ, ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ ಟ್ಯಾಂಕ್ ಬಾಯಿವರೆಗೆ ತುಂಬಿಸಿ. ನೊರೆ ಇಳಿದ ಮೇಲೆ ಮತ್ತೆ ಸ್ವಲ್ಪ ಹಾಕಿಸಿ. ಮೀಟರಿನ ಟ್ರಿಪ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಪಂಪಿಗೆ ಬಂದು ಅದೇ ರೀತಿ ತುಂಬಿಸಿ. ಮೀಟರ್ 152 ಲೀಟರ್ ಎಂದಿತು, ಬಿಲ್ಲಿನಲ್ಲಿ 160 ಲೀಟರ್ ಇದೆ ಎಂದುಕೊಳ್ಳಿ. 160ನ್ನು 152ರಿಂದ ಭಾಗಿಸಿದರೆ 1.05. ಇನ್ನು ಮೇಲೆ ಮೀಟರಿನ ಲೀಟರನ್ನು 1.05ರಿಂದ ಗುಣಿಸಿ. ಎರಡು ಮೂರು ಸಲ ತುಂಬಿಸಿ ನೋಡಿದರೆ ಈ ಗುಣಕ ನೆಲೆ ನಿಲ್ಲುತ್ತದೆ. ಅದನ್ನು ಕ್ಯಾಬಿನ್ನಿನಲ್ಲಿ ಬರೆದು ಅಂಟಿಸಿ. ಕೊನೆಗೆ ಇದು ಇನ್ನೊಂದು ಕೆಲಸಕ್ಕೂ ಬೇಕು.

ಕಿಲೋಮೀಟರಿನ ಲೆಕ್ಕವೂ ಪೂರ್ತಿ ನಂಬುವಂಥದ್ದಲ್ಲ. ಟೈರ್ ಸವೆದಂತೆ ಅದರ ಸುತ್ತಳತೆ ಕಡಿಮೆಯಾಗುತ್ತದೆ. ಹೊಸ ಟೈರಿಗೂ ಬೋಳು ಟೈರಿಗೂ ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸ ಬರುತ್ತದೆ. ಅಂದರೆ ಸವೆದ ಟೈರಿನಲ್ಲಿ ಮೀಟರ್ ಹೆಚ್ಚು ದೂರ ಹೋದಂತೆ ತೋರಿಸುತ್ತದೆ, ಮೈಲೇಜ್ ಚೆನ್ನಾಗಿ ಬಂದ ಹಾಗೆ ಕಾಣುತ್ತದೆ. ಫೋನಿನ ಜಿಪಿಎಸ್ ಹಾಕಿ ಒಂದು ಉದ್ದ ದಾರಿಯಲ್ಲಿ ತಾಳೆ ನೋಡಿದರೆ ಗೊತ್ತಾಗುತ್ತದೆ.

ಏನನ್ನೂ ಬದಲಿಸದೆ ಬರೆದಿಡಿ

ಮೀಟರ್ ಬಂದ ದಿನವೇ ಕಾಲು ಮೆದು ಮಾಡಬೇಡಿ. ಈಗ ಓಡಿಸುವ ಹಾಗೆಯೇ ಕೆಲವು ಟ್ರಿಪ್ ಓಡಿಸಿ, ಬರೆದಿಡಿ. ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ತಾರೀಕು, ದಾರಿ, ಎಷ್ಟು ಟನ್, ಮಳೆಯೋ ಬಿಸಿಲೋ, ಕಿ.ಮೀ., ಲೀಟರ್, ಇಂಜಿನ್ ನಿಂತಲ್ಲೇ ಓಡಿದ ಸಮಯ. ಲೋಡಿನಲ್ಲಿ ಹೋದದ್ದು ಒಂದು ಸಾಲು, ಖಾಲಿ ಬಂದದ್ದು ಇನ್ನೊಂದು ಸಾಲು. ಎರಡನ್ನೂ ಕೂಡಿಸಿ ಒಂದೇ ಆವರೇಜ್ ಬರೆದರೆ ಆ ಪುಸ್ತಕದಿಂದ ಉಪಯೋಗ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ಮುಖ್ಯ. ಕುಂಬಳೆಯಿಂದ ಕಾಞಂಗಾಡಿಗೆ ಹೆದ್ದಾರಿಯಲ್ಲಿ ಹೋಗುವ ಗಾಡಿ ಒಂದು ಲೆಕ್ಕ ಕೊಡುತ್ತದೆ. ಅದೇ ಗಾಡಿ ಕೆಂಪುಕಲ್ಲು ತುಂಬಿಕೊಂಡು ಬದಿಯಡ್ಕ, ಪೆರ್ಲದ ಏರು ತಗ್ಗಿನಲ್ಲಿ ಹೋದರೆ ಬೇರೆಯೇ ಲೆಕ್ಕ. ಜಾಲ್ಸೂರು, ಸಂಪಾಜೆ ದಾಟಿ ಮಡಿಕೇರಿ ಘಾಟಿ ಹತ್ತಿದರೆ ಮೂರನೆಯ ಲೆಕ್ಕ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಮೇಲೆ. ಅಷ್ಟು ಎತ್ತರಕ್ಕೆ ತೂಕ ಎತ್ತಿದ್ದಕ್ಕೆ ಡೀಸೆಲ್ ಕೊಡಲೇಬೇಕು. ಯಾವ ಮೀಟರೂ ಅದನ್ನು ತಪ್ಪಿಸುವುದಿಲ್ಲ. ಹತ್ತುವಾಗ ಪರದೆಯಲ್ಲಿ ಲೀಟರಿಗೆ ಒಂದೂವರೆ ಕಿ.ಮೀ. ಎಂದು ಕಂಡರೆ ಗಾಬರಿಯಾಗಬೇಡಿ. ಆ ಕ್ಷಣದ ಮೈಲೇಜನ್ನು ಏರಿನಲ್ಲಿ ನೋಡುತ್ತಾ ಕೂತರೆ ತಲೆ ಕೆಡುತ್ತದೆ. ಏರಿನಲ್ಲಿ ನೋಡಬೇಕಾದ್ದು ಆರ್‌ಪಿಎಂ ಮತ್ತು ನೀರಿನ ಬಿಸಿ.

ಆರ್‌ಪಿಎಂ: ಹಸಿರು ಪಟ್ಟಿಯೊಳಗೆ

ಡೀಸೆಲ್ ಇಂಜಿನ್ ಕಡಿಮೆ ಡೀಸೆಲಿಗೆ ಹೆಚ್ಚು ಕೆಲಸ ಮಾಡುವುದು ಟಾರ್ಕ್ ಜಾಸ್ತಿ ಇರುವ ಕಡೆ. ಹೆಚ್ಚಿನ ಲಾರಿಗಳಲ್ಲಿ ಅದು ಸುಮಾರು 1200ರಿಂದ 1600 ಆರ್‌ಪಿಎಂ. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಣ್ಣದಲ್ಲಿ ಗುರುತು ಇರುತ್ತದೆ. ನಿಮ್ಮ ಗಾಡಿಗೆ ಯಾವುದು ಎಂದು ಅಲ್ಲೇ ನೋಡಿಕೊಳ್ಳಿ.

ಗಾಡಿ ಹೊರಡುವಾಗ ಪ್ರತಿ ಗೇರಿನಲ್ಲೂ 2000ದವರೆಗೆ ಎಳೆಯುವ ಅಭ್ಯಾಸ ತುಂಬ ಜನರಿಗಿದೆ. ಶಬ್ದ ಕೇಳಿದರೆ ಗಾಡಿಗೆ ಶಕ್ತಿ ಬಂದ ಹಾಗೆ ಅನಿಸುತ್ತದೆ. ಸಮತಟ್ಟಿನಲ್ಲಿ ಅದರ ಅಗತ್ಯ ಇಲ್ಲ. ಸಣ್ಣ ಗೇರುಗಳಲ್ಲಿ 1300, 1400ಕ್ಕೇ ಮುಂದಿನ ಗೇರಿಗೆ ಹಾಕಿ. ಹಾಗೆಂದು ಹೆದರಿ ಹೆದರಿ ಆಕ್ಸಿಲರೇಟರ್ ಮುಟ್ಟಬೇಕಾಗಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಒತ್ತಿ, ಬೇಗ ಗೇರು ಏರಿಸಿ, ದೊಡ್ಡ ಗೇರಿನಲ್ಲಿ ಕೂತುಕೊಳ್ಳಿ. ಮೆಲ್ಲಗೆ ಒತ್ತಿ ಸಣ್ಣ ಗೇರಿನಲ್ಲೇ ಬಹಳ ಹೊತ್ತು ಎಳೆದರೆ ಡೀಸೆಲ್ ಹೋಗುವುದು ಅದರಲ್ಲೇ ಜಾಸ್ತಿ.

ಏರಿನಲ್ಲಿ ಇನ್ನೊಂದು ತೊಂದರೆ. ಗೇರು ಇಳಿಸಲು ಮನಸ್ಸಿಲ್ಲದೆ 1000ಕ್ಕಿಂತ ಕೆಳಗೂ ಪೂರ್ತಿ ಒತ್ತಿ ಎಳೆಸುವವರಿದ್ದಾರೆ. ಇಂಜಿನ್ ಗುದ್ದಾಡುತ್ತದೆ, ಕಪ್ಪು ಹೊಗೆ ಬರುತ್ತದೆ. ಆ ಹೊಗೆ ಉರಿಯದೆ ಹೋದ ಡೀಸೆಲ್. ಹೊಗೆ ಬಿಸಿಯ ಮೀಟರ್ ಇದ್ದರೆ ಸಂಖ್ಯೆ ಸರ್ರನೆ ಏರುವುದೂ ಕಾಣುತ್ತದೆ. ಟರ್ಬೊಗೆ ಮೊದಲಿನ ಜಾಗದಲ್ಲಿ 650 ಡಿಗ್ರಿ ಸೆಲ್ಸಿಯಸ್ ದಾಟಿ ಏರುತ್ತಲೇ ಇದ್ದರೆ ಕಾಲು ಸಡಿಲಿಸಿ ಗೇರು ಇಳಿಸಿ. ತಿರುವು ಬರುವ ಮೊದಲೇ ಗೇರು ಇಳಿಸಿದವನು ತಿರುವಿನಲ್ಲಿ ಒದ್ದಾಡುವುದಿಲ್ಲ. ಸಂಪಾಜೆಯಿಂದ ಮೇಲಕ್ಕೆ ದಿನಾ ಓಡಿಸುವವರಿಗೆ ಯಾವ ತಿರುವಿಗೆ ಯಾವ ಗೇರು ಎಂದು ಬಾಯಿಪಾಠ. ಹೊಸಬರಿಗೆ ಮೀಟರ್ ಅದನ್ನು ಬೇಗ ಕಲಿಸುತ್ತದೆ.

ಹೆದ್ದಾರಿಯ ಕಥೆ ಬೇರೆ. ರಾಷ್ಟ್ರೀಯ ಹೆದ್ದಾರಿ 66 ಷಟ್ಪಥವಾಗುತ್ತಾ ಬಂದಂತೆ ಕಾಲು ತಾನಾಗಿ ಭಾರವಾಗುತ್ತದೆ. ಹಿಂದೆ ಉಪ್ಪಳದ ಪೇಟೆಯಲ್ಲಿ ತೆವಳುತ್ತಿದ್ದವರು ಈಗ ಸ್ಪೀಡ್ ಗವರ್ನರಿನ 80ನ್ನು ಮುಟ್ಟಿಸಿಯೇ ಬಿಡುತ್ತಾರೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಲ್ಲಿ ಇದ್ದ ತಡೆ 75ಕ್ಕೆ ಹೋದಾಗ ಒಂದೂವರೆ ಪಟ್ಟಿಗಿಂತ ಜಾಸ್ತಿ. ಸಿಗುವ ಲಾಭ ಏನು? ತಲಪಾಡಿಯಿಂದ ಚೆಂಗಳದವರೆಗೆ 39 ಕಿ.ಮೀ. ತಡೆಯಿಲ್ಲದೆ ಓಡಿದರೆ 60ರಲ್ಲಿ 39 ನಿಮಿಷ, 75ರಲ್ಲಿ 31 ನಿಮಿಷ. ಎಂಟು ನಿಮಿಷ. ಚಾ ಕುಡಿಯಲು ನಿಲ್ಲಿಸಿದರೆ ಅದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ.

ಇಳಿಜಾರು: ನ್ಯೂಟ್ರಲ್ ಬಗ್ಗೆ ಒಂದು ಜಗಳ

'ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ.' ಲಾರಿ ಸ್ಟ್ಯಾಂಡಿನಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇವೋ. ಇದನ್ನು ಬಾಯಿಮಾತಿನಲ್ಲಿ ಗೆಲ್ಲಲು ಆಗುವುದಿಲ್ಲ. ಮೀಟರ್ ಒಂದೇ ಇಳಿಜಾರಿನಲ್ಲಿ ತೀರ್ಮಾನ ಮಾಡಿಬಿಡುತ್ತದೆ.

ಇಸಿಯು ಇರುವ ಗಾಡಿಯಲ್ಲಿ ಗೇರು ಹಾಕಿಕೊಂಡೇ ಕಾಲು ಪೂರ್ತಿ ತೆಗೆಯಿರಿ. ಗಂಟೆಗೆ ಲೀಟರ್ ಎನ್ನುವ ಸಂಖ್ಯೆ ನೋಡಿ. ಸೊನ್ನೆ. ಚಕ್ರವೇ ಇಂಜಿನ್ನನ್ನು ತಿರುಗಿಸುತ್ತಿದೆ, ಆದ್ದರಿಂದ ಇಸಿಯು ಡೀಸೆಲ್ ನಿಲ್ಲಿಸಿಬಿಟ್ಟಿದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆಫ್ ಆಗದಂತೆ ಡೀಸೆಲ್ ಹಾಕುತ್ತಲೇ ಇರಬೇಕು. ಈ ವ್ಯತ್ಯಾಸ ಬೇಕಾದರೆ ಸುರಕ್ಷಿತವಾಗಿ ನಿಂತ ಜಾಗದಲ್ಲಿ ಐಡಲ್ ಇಟ್ಟು, ಅಂದರೆ ಇಂಜಿನ್ ಸುಮ್ನೆ ಓಡಲು ಬಿಟ್ಟು ನೋಡಿ, ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಪರೀಕ್ಷೆ ಮಾಡಬೇಡಿ. ಘಾಟಿಯಲ್ಲಿ ನ್ಯೂಟ್ರಲ್ ಎಂದರೆ ಎಲ್ಲ ಭಾರ ಬ್ರೇಕಿನ ಮೇಲೆ. ಲೈನರ್ ಕಾದರೆ ಬ್ರೇಕ್ ಹಿಡಿಯುವುದಿಲ್ಲ. ಕೆಲವರು ಇಂಜಿನ್ನೇ ಆಫ್ ಮಾಡುತ್ತಾರೆ. ಆಗ ಪವರ್ ಸ್ಟೀರಿಂಗೂ ಇಲ್ಲ, ಬ್ರೇಕಿಗೆ ಹೊಸ ಗಾಳಿ ತುಂಬುವುದೂ ಇಲ್ಲ.

ಹತ್ತಿದ ಗೇರಿನಲ್ಲೇ ಇಳಿಯಿರಿ, ಎಕ್ಸಾಸ್ಟ್ ಬ್ರೇಕ್ ಬಳಸಿ. ಹಸಿರು ಪಟ್ಟಿಯ ಮೇಲಕ್ಕೆ ಆರ್‌ಪಿಎಂ ಹೋದರೂ ಇಲ್ಲಿ ಡೀಸೆಲ್ ಹೋಗುವುದಿಲ್ಲ. ಕೆಂಪು ಮುಟ್ಟದಿದ್ದರೆ ಸಾಕು.

ನೀರಿನ ಬಿಸಿ: ಥರ್ಮೋಸ್ಟಾಟ್ ತೆಗೆದ ಗಾಡಿಗಳು

ಇದು ನಮ್ಮ ಕಡೆಯ ದೊಡ್ಡ ಕಾಯಿಲೆ. ಥರ್ಮೋಸ್ಟಾಟ್ ಎಂದರೆ ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಸಣ್ಣ ಬಾಗಿಲು. ಬೇಸಗೆಯಲ್ಲಿ ಇಂಜಿನ್ ಒಮ್ಮೆ ಕಾದರೆ ಸಾಕು, 'ಈ ಸೆಕೆಗೆ ಥರ್ಮೋಸ್ಟಾಟ್ ಯಾಕೆ?' ಎಂದು ಮೆಕ್ಯಾನಿಕ್ ತೆಗೆದು ಬದಿಗಿಡುತ್ತಾನೆ. ಬಿಸಿ ಇಳಿದದ್ದು ನೋಡಿ ನಮಗೂ ಸಮಾಧಾನ. ಡ್ಯಾಶ್‌ಬೋರ್ಡಿನ ಮುಳ್ಳು ನಡುವೆ ಎಲ್ಲೋ ನಿಂತಿರುತ್ತದೆ, ಅದು 60 ಡಿಗ್ರಿಯೋ 85 ಡಿಗ್ರಿಯೋ ಗೊತ್ತಾಗುವುದಿಲ್ಲ. ಡಿಜಿಟಲ್ ಮೀಟರ್ ಹಾಕಿದ ದಿನ ಗುಟ್ಟು ಹೊರಬೀಳುತ್ತದೆ.

ಓಡುವ ಇಂಜಿನ್ನಿನ ನೀರು 80ರಿಂದ 95 ಡಿಗ್ರಿಯ ನಡುವೆ ಇರಬೇಕು. ಹೊರಟು ಅರ್ಧ ಗಂಟೆಯಾದರೂ 65 ದಾಟದಿದ್ದರೆ ಥರ್ಮೋಸ್ಟಾಟ್ ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ತಣ್ಣಗಿನ ಇಂಜಿನ್ನಿನಲ್ಲಿ ಆಯಿಲ್ ದಪ್ಪ, ತಿರುಗಿಸಲು ಹೆಚ್ಚು ಶಕ್ತಿ ಬೇಕು. ಡೀಸೆಲ್ ಕೊಟ್ಟ ಬಿಸಿ ಕೆಲಸ ಮಾಡುವ ಬದಲು ನೀರಿಗೆ ಹೋಗುತ್ತದೆ. ಪಿಸ್ಟನ್, ಲೈನರ್ ಸವೆಯುವುದೂ ಜಾಸ್ತಿ. ಬಿಎಸ್-6 ಗಾಡಿಯಾದರೆ ಸೈಲೆನ್ಸರಿನ ಫಿಲ್ಟರ್ ಸ್ವಚ್ಛವಾಗಲು ಬೇಕಾದ ಬಿಸಿಯೇ ಸಿಗುವುದಿಲ್ಲ.

ಇನ್ನೊಂದು ವಿಚಿತ್ರ ಇದೆ. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದರದ್ದೇ ಕೆಲಸ. ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ. ಸಮತಟ್ಟಿನಲ್ಲಿ ತೀರಾ ತಣ್ಣಗೆ, ಘಾಟಿಯಲ್ಲಿ ತೀರಾ ಬಿಸಿ. ಹೊಸ ಥರ್ಮೋಸ್ಟಾಟ್ ದೊಡ್ಡ ಖರ್ಚಿನ ಸಾಮಾನಲ್ಲ. ಹಾಕಿಸಿ, ಜೊತೆಗೆ ಇಂಜಿನ್ ಮೊದಲು ಕಾದದ್ದು ಯಾಕೆ ಎಂದೂ ನೋಡಿಸಿ. ರೇಡಿಯೇಟರಿನ ಸಂದಿಯಲ್ಲಿ ಕೆಂಪುಮಣ್ಣು ಕಟ್ಟಿಕೊಂಡಿರುವುದೇ ಹೆಚ್ಚು.

ನಿಂತಲ್ಲಿ ಉರಿಯುವ ಡೀಸೆಲ್

ದೊಡ್ಡ ಲಾರಿ ಇಂಜಿನ್ ಸುಮ್ನೆ ಓಡುತ್ತಿದ್ದರೆ ಗಂಟೆಗೆ ಎರಡು ಲೀಟರ್ ಆಸುಪಾಸು ಹೋಗುತ್ತದೆ. ಎಸಿ ಹಾಕಿದರೆ ಇನ್ನೂ ಜಾಸ್ತಿ. ದಿನಕ್ಕೆ ಒಂದೇ ಗಂಟೆ ಎಂದರೂ ತಿಂಗಳಿಗೆ 25 ದಿನಕ್ಕೆ 50 ಲೀಟರ್. ಕಲ್ಲಿನ ಕ್ವಾರಿಯಲ್ಲಿ ಸರತಿ ಕಾಯುವಾಗ, ಅಂಗಡಿ ಮುಂದೆ ಲೋಡು ಇಳಿಸುವಾಗ, ಊಟಕ್ಕೆ ಇಳಿದಾಗ ಇಂಜಿನ್ ಓಡುತ್ತಲೇ ಇರುತ್ತದೆ. ಹೆಚ್ಚಿನ ಮೀಟರುಗಳಲ್ಲಿ ಐಡಲ್ ಗಂಟೆ, ಐಡಲ್ ಲೀಟರ್ ಬೇರೆಯೇ ಸಿಗುತ್ತದೆ. ಕಾಲು ಮೆದು ಮಾಡುವುದನ್ನು ಕಲಿಯಲು ಸಮಯ ಬೇಕು, ಕೀ ತಿರುಗಿಸಲು ಬೇಡ. ಹಾಗಾಗಿ ಉಳಿತಾಯ ಶುರು ಮಾಡುವುದಿದ್ದರೆ ಇಲ್ಲಿಂದಲೇ ಮಾಡಿ.

ಎರಡು ಕಡೆ ಮಾತ್ರ ಐಡಲ್ ಬೇಕು. ಘಾಟಿ ಹತ್ತಿ ಬಂದ ಕೂಡಲೇ ಆಫ್ ಮಾಡಬೇಡಿ, ಟರ್ಬೊ ತಣಿಯಲು ಎರಡು ಮೂರು ನಿಮಿಷ ಬಿಡಿ. ಬೆಳಿಗ್ಗೆ ಬ್ರೇಕಿನ ಗಾಳಿ ತುಂಬುವವರೆಗೆ ಬಿಡಿ. ಗಾಳಿ ತುಂಬಲು ದಿನವೂ ಹತ್ತು ನಿಮಿಷ ಹಿಡಿಯುತ್ತದೆ ಎಂದರೆ ರಾತ್ರಿ ಎಲ್ಲೋ ಗಾಳಿ ಸೋರುತ್ತಿದೆ. ಆ ಸೋರಿಕೆ ಮುಚ್ಚಿಸಿದರೆ ಬ್ರೇಕಿಗೂ ಒಳ್ಳೆಯದು, ಡೀಸೆಲಿಗೂ ಒಳ್ಳೆಯದು. ಗಾಳಿ ತುಂಬಿದ ಮೇಲೆ 'ಇಂಜಿನ್ ಬಿಸಿಯಾಗಲಿ' ಎಂದು ನಿಲ್ಲಿಸಬೇಡಿ. ಮೆಲ್ಲಗೆ ಓಡಿಸಿದರೆ ನಿಂತದ್ದಕ್ಕಿಂತ ಬೇಗ ಬಿಸಿಯಾಗುತ್ತದೆ.

ಬೂಸ್ಟ್ ಹೇಳುವ ರೋಗ

ಬೂಸ್ಟ್ ಜಾಸ್ತಿ ಬಂದರೆ ಡೀಸೆಲ್ ಜಾಸ್ತಿ ಹೋಗುತ್ತಿದೆ ಎಂದು ಅರ್ಥ, ಆದರೆ ಅದೇ ತಪ್ಪಲ್ಲ. ಏರಿನಲ್ಲಿ ಬರಲೇಬೇಕು. ತಪ್ಪು ಯಾವುದೆಂದರೆ, ಪೂರ್ತಿ ಬೂಸ್ಟ್ ಎಳೆದು ಕೂಡಲೇ ಬ್ರೇಕ್ ಒತ್ತುವುದು. ಪೇಟೆಗಳ ನಡುವೆ, ಹಂಪಿನಿಂದ ಹಂಪಿಗೆ ಹಾಗೆ ಓಡಿಸಿದರೆ ಸುಟ್ಟ ಡೀಸೆಲೆಲ್ಲ ಬ್ರೇಕ್ ಡ್ರಮ್ಮಿನ ಬಿಸಿಯಾಗಿ ಹೋಗುತ್ತದೆ. ಮುಂದೆ ಬಸ್ಸು ನಿಂತಿದ್ದು ಕಂಡ ಕೂಡಲೇ ಕಾಲು ತೆಗೆಯಿರಿ, ಬೂಸ್ಟ್ ಸೊನ್ನೆಗೆ ಬರಲಿ.

ಬೂಸ್ಟಿನ ನಿಜವಾದ ಉಪಯೋಗ ರೋಗ ಹಿಡಿಯುವುದರಲ್ಲಿದೆ. ನಿಮ್ಮ ದಾರಿಯಲ್ಲಿ ಒಂದು ಏರು ಆರಿಸಿ. ಅದೇ ಲೋಡು, ಅದೇ ಗೇರು, ಪೂರ್ತಿ ಒತ್ತಿದಾಗ ಎಷ್ಟು ಬೂಸ್ಟ್ ಬರುತ್ತದೆ ಎಂದು ಬರೆದಿಡಿ. ತಿಂಗಳ ನಂತರ ಅದು ಕಡಿಮೆಯಾಗಿ, ಹೊಗೆ ಕಪ್ಪಾಗಿದ್ದರೆ ಮೊದಲು ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಪೈಪು, ಕ್ಲಿಪ್ಪು ನೋಡಿ. ಸೋರುವ ಕಡೆ ಎಣ್ಣೆಯ ಪಸೆ, ಧೂಳು ಅಂಟಿರುತ್ತದೆ. ಆಮೇಲೆ ಏರ್ ಫಿಲ್ಟರ್. ಕ್ವಾರಿಗೆ ಹೋಗುವ ಗಾಡಿಗೆ ಕಂಪನಿ ಪುಸ್ತಕದ ಅವಧಿ ಸಾಲದು, ಕೆಂಪು ಧೂಳು ಅದಕ್ಕೆ ಮೊದಲೇ ಕಟ್ಟುತ್ತದೆ. ಕಂಪ್ರೆಸರಿನ ಜೋರು ಗಾಳಿ ಹೊಡೆದು ಫಿಲ್ಟರ್ ಕಾಗದ ಹರಿಯಬೇಡಿ. ಒಳಗೆ ಬರುವ ಗಾಳಿಯ ಬಿಸಿ ತೋರಿಸುವ ಮೀಟರ್ ಇದ್ದರೆ ಅದನ್ನೂ ನೋಡಿ. ಓಡುತ್ತಿರುವಾಗ ಅದು ಹೊರಗಿನ ಸೆಕೆಗಿಂತ ತುಂಬ ಮೇಲೆ ಹೋದರೆ ಇಂಟರ್‌ಕೂಲರ್ ತೊಳೆಸುವ ಹೊತ್ತು ಬಂದಿದೆ.

ಬಿಎಸ್-6 ಗಾಡಿಯಲ್ಲಿ ಇನ್ನೆರಡು ಸಂಗತಿ. ನೂರು ಲೀಟರ್ ಡೀಸೆಲಿಗೆ ಹೊಗೆ ಶುದ್ಧ ಮಾಡುವ ಯೂರಿಯಾ ದ್ರಾವಣ ಸುಮಾರು ಮೂರರಿಂದ ಆರು ಲೀಟರ್ ಹೋಗುತ್ತದೆ. ಅದು ಏಕಾಏಕಿ ಬದಲಾದರೆ ಸರ್ವಿಸ್‌ಗೆ ಕೊಡಿ, ಸುಮ್ನೆ ನೀರು ಬೆರೆಸುವ ಸಾಹಸ ಬೇಡ. ಫಿಲ್ಟರ್ ರಿಜನರೇಶನ್, ಅಂದರೆ ಸೈಲೆನ್ಸರಿನ ಫಿಲ್ಟರಿನಲ್ಲಿ ಕಟ್ಟಿದ ಮಸಿ ಸುಡುವ ಕೆಲಸ, ಆದ ದಿನ ಮೈಲೇಜ್ ಬೀಳುತ್ತದೆ, ಅದನ್ನು ಡ್ರೈವರನ ಲೆಕ್ಕಕ್ಕೆ ಹಾಕಬೇಡಿ. ಟಾಟಾದ ಕೆಲವು ಗಾಡಿಗಳಲ್ಲಿ ಲೈಟ್, ಮೀಡಿಯಂ, ಹೆವಿ ಎಂದು ಮೋಡ್ ಸ್ವಿಚ್ ಇದೆ. ಮಹೀಂದ್ರ ಬ್ಲಾಜೋದಲ್ಲಿ ಟರ್ಬೊ, ಹೆವಿ, ಲೈಟ್. ಖಾಲಿ ಬರುವಾಗ ಲೈಟಿಗೆ ಹಾಕಲು ಮರೆಯುವವರೇ ಜಾಸ್ತಿ.

ಒಂದು ಸಲಕ್ಕೆ ಒಂದೇ ಬದಲಾವಣೆ

ಮೊದಲ ವಾರ ಐಡಲ್ ಮಾತ್ರ ಕಡಿಮೆ ಮಾಡಿ. ಮುಂದಿನ ವಾರ ಹೆದ್ದಾರಿಯ ವೇಗ. ಆಮೇಲೆ ಗೇರಿನ ಅಭ್ಯಾಸ. ಟೈರಿನ ಗಾಳಿ ಬೆಳಿಗ್ಗೆ, ಗಾಡಿ ಹೊರಡುವ ಮೊದಲು, ಟೈರ್ ತಣ್ಣಗಿರುವಾಗಲೇ ನೋಡಿ. ಓಡಿ ಬಂದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸುತ್ತದೆ. ಖಾಲಿ ಗಾಡಿಯ ಟಾರ್ಪಾಲ್ ಪಟಪಟ ಹೊಡೆಯದಂತೆ ಬಿಗಿಯಾಗಿ ಕಟ್ಟಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಎಷ್ಟು ಉಳಿಯಿತು ಎಂದು ಗೊತ್ತಾಗುವುದೇ ಇಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮೇ ತಿಂಗಳ ಲೆಕ್ಕಕ್ಕೆ ಹೋಲಿಸಬೇಡಿ. ನೀರು ನಿಂತ ರಸ್ತೆಯಲ್ಲಿ ಟೈರಿಗೆ ತಡೆ ಜಾಸ್ತಿ. ಮಳೆಯನ್ನು ಮಳೆಗೇ ಹೋಲಿಸಿ.

ಓಡಿಸುವವರು ಬೇರೆಯಾದರೆ

ಯಜಮಾನರು ಮನೆಯಲ್ಲಿ ಕೂತು ಆ್ಯಪ್ ನೋಡುತ್ತಾ 'ಯಾಕೆ ಇಷ್ಟು ಹೊತ್ತು ಐಡಲ್?' ಎಂದು ಫೋನ್ ಮಾಡುತ್ತಿದ್ದರೆ ಡ್ರೈವರ್ ಮೀಟರಿನ ಪ್ಲಗ್ ಕೀಳುತ್ತಾನೆ, ಅಷ್ಟೆ. ಮೊದಲು ಜೊತೆಯಲ್ಲಿ ಒಂದು ಟ್ರಿಪ್ ಹೋಗಿ, ಸಂಖ್ಯೆ ತೋರಿಸಿ, ಅವರ ಮಾತೂ ಕೇಳಿ. ಕ್ವಾರಿಯಲ್ಲಿ ಸರತಿ ಐದೈದು ನಿಮಿಷಕ್ಕೆ ಮುಂದೆ ಹೋಗುತ್ತದೆ ಎಂದಾದರೆ ಇಂಜಿನ್ ಆಫ್ ಮಾಡಿ ಎನ್ನುವುದು ನ್ಯಾಯ ಅಲ್ಲ. ಉಳಿದ ಡೀಸೆಲಿನ ಹಣದಲ್ಲಿ ಒಂದು ಪಾಲು ಅವರಿಗೆ ಎಂದು ಮೊದಲೇ ಮಾತಾಡಿಕೊಳ್ಳಿ. ಇಬ್ಬರು ಡ್ರೈವರುಗಳನ್ನು ಹೋಲಿಸುವುದಿದ್ದರೆ ಅದೇ ಗಾಡಿ, ಅದೇ ದಾರಿ, ಅದೇ ತೂಕದಲ್ಲಿ ಮಾತ್ರ.

ನಮ್ಮಲ್ಲಿ ಒಬ್ಬರದ್ದು ತುಳು, ಒಬ್ಬರದ್ದು ಮಲಯಾಳಂ, ಇನ್ನೊಬ್ಬರದ್ದು ಬ್ಯಾರಿ ಭಾಷೆ. ಮೀಟರಿನ ಇಂಗ್ಲಿಷ್ ಅಕ್ಷರ ನೋಡಿ ಬೇಸರ ಮಾಡಿಕೊಳ್ಳುವವರೂ ಇದ್ದಾರೆ. ಪರದೆಯ ಅಂಚಿಗೆ ಸಣ್ಣ ಸ್ಟಿಕ್ಕರ್ ಅಂಟಿಸಿ. ಆರ್‌ಪಿಎಂ ಪಕ್ಕ 1200–1600, ನೀರಿನ ಪಕ್ಕ 80–95, ಇಳಿಜಾರಿನ ಲೀಟರಿಗೆ 0. ಸಂಖ್ಯೆ ಎಲ್ಲರಿಗೂ ಓದಲು ಬರುತ್ತದೆ.

ಬಂಕಿನ ಬಿಲ್ಲೂ ಮೀಟರೂ ಬೇರೆಯಾದರೆ

ಮೊದಲು ಕಂಡುಹಿಡಿದ 1.05ರಂಥ ಗುಣಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಸಲ ತುಂಬಿಸಿದಾಗಲೂ ಅದನ್ನು ಮತ್ತೆ ಲೆಕ್ಕ ಹಾಕಿ. ತಿಂಗಳುಗಟ್ಟಲೆ 1.04, 1.06 ಎಂದು ಇದ್ದದ್ದು ಒಂದು ದಿನ 1.15 ಆಯಿತು ಎಂದರೆ ಬಂಕಿನಲ್ಲಿ ಹಾಕಿಸಿದ ಡೀಸೆಲಿನ ಒಂದು ಪಾಲು ಇಂಜಿನ್ನಿಗೆ ಹೋಗಿಲ್ಲ, ಇಲ್ಲವೇ ಇಂಜೆಕ್ಟರ್ ಕೆಟ್ಟಿದೆ. ಯಾರ ಮೇಲೂ ಅನುಮಾನ ಪಡುವ ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿ. ಟ್ಯಾಂಕಿನ ಡ್ರೈನ್ ನಟ್ಟು, ಫಿಲ್ಟರಿನ ಬುಡ, ರಿಟರ್ನ್ ಪೈಪಿನ ಜೋಡಣೆ ಒದ್ದೆಯಿದೆಯಾ? ಎಂಜಿನ್ ಆಯಿಲ್ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿ ಡೀಸೆಲ್ ವಾಸನೆ ಬರುತ್ತಿದೆಯಾ? ಹಾಗಿದ್ದರೆ ಇಂಜೆಕ್ಟರ್ ಸೋರುತ್ತಿದೆ, ಗಾಡಿ ಓಡಿಸದೆ ವರ್ಕ್‌ಶಾಪಿಗೆ ಕೊಡಿ. ಇದು ಯಾವುದೂ ಅಲ್ಲವಾದರೆ ಮುಂದಿನ ಸಲ ಬೇರೆ ಬಂಕಿನಲ್ಲಿ ತುಂಬಿಸಿ ಗುಣಕ ನೋಡಿ. ಅಲ್ಲಿಯೂ 1.15 ಬಂದರೆ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿ, ರಾತ್ರಿ ಗಾಡಿ ನಿಲ್ಲಿಸುವ ಜಾಗ ಬದಲಿಸಿ.